ಮಿರಜಿನಲ್ಲಿ ಒಂದು ರವಿವಾರ

ನಮ್ಮ ಖಂಡೇರಾಜುರಿಯಲ್ಲಿ “ಅವರನ್ನು ಮಿರಜಿಗೆ ಒಯ್ದರು” ಎಂದು ಯಾರಾದರೂ ಹೇಳಿದರೆ, ಏತಕ್ಕೆ ಒಯ್ದರೆಂದು ಕೇಳುವವರಿಲ್ಲ. ಸಂತೆ ಪೇಟೆಗೆಂದು ಮಿರಜಿಗೆ ಹೋಗುವವರುಂಟು. ತಹಶೀಲದಾರರ ಕಚೇರಿಯ ಕೆಲಸಕ್ಕೆಂದು ಹೋಗುವವರುಂಟು. ಅವರೆಲ್ಲ ‘ಹೋಗುವವರು’. ಆದರೆ ಒಬ್ಬರನ್ನು ‘ಒಯ್ದರು’ ಎಂದರೆ ಅದು ದವಾಖಾನೆಗೇ. ಹೀಗೆ ಒಂದು ಪಟ್ಟಣದ ಹೆಸರೇ ದವಾಖಾನೆಯ ಹೆಸರಾಗಿ ನಿಂತದ್ದು ನಮ್ಮ ಹಳ್ಳಿಯೊಂದರಲ್ಲಿಯೇ ಅಲ್ಲ. ಬೆಳಗಾವಿ, ವಿಜಯಪುರ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಹಳೆಯ ತಲೆಗಳು ಇಂದಿಗೂ ಹಾಗೆಯೇ ಮಾತನಾಡುತ್ತಾರೆ.

ಖಂಡೇರಾಜುರಿ ಸಾಂಗಲಿ ಜಿಲ್ಲೆಯ ಮಿರಜ ತಾಲೂಕಿನ ಪೂರ್ವದ ಮಗ್ಗುಲಲ್ಲಿರುವ ಊರು. ಬೀದಿಯಲ್ಲಿ ಮರಾಠಿ, ಕೆಲವು ಮನೆಗಳ ಒಲೆಯ ಮುಂದೆ ಕನ್ನಡ. ಮಳೆಯ ಮೋಡಗಳು ಪಶ್ಚಿಮದಲ್ಲಿಯೇ ಬರಿದಾಗಿ, ನಮ್ಮ ಹೊಲಗಳ ಮೇಲೆ ಬರಿಯ ನೆರಳನ್ನು ಚೆಲ್ಲಿ ಹೋಗುವ ಸೀಮೆಯಿದು. ಮ್ಹೈಸಾಳದ ಬಳಿ ಕೃಷ್ಣೆಯ ನೀರನ್ನೆತ್ತಿ ಪೂರ್ವಕ್ಕೆ ಹರಿಸುವ ಯೋಜನೆ ಬಂದ ಮೇಲೆ ಈ ಭಾಗದ ಮುಖ ಬದಲಾಗಿದೆ. ಜೋಳದ ಹೊಲಗಳ ನಡುವೆ ದ್ರಾಕ್ಷಿಯ ಚಪ್ಪರಗಳು ಎದ್ದಿವೆ. ಆದರೂ ಬರಗಾಲದ ನೆನಪು ಹಿರಿಯರ ಮಾತಿನಿಂದ ಇನ್ನೂ ಆರಿಲ್ಲ.

ಈ ಊರಿನ ಮಾರುತಿ ಗುಡಿಯ ಕಟ್ಟೆಯ ಮೇಲೆ ಎದ್ದ ಒಂದು ಮಾತು ನಮ್ಮನ್ನು ಮಿರಜಿನ ದಾರಿ ಹಿಡಿಯುವಂತೆ ಮಾಡಿತು. ಶಾಲೆಯಲ್ಲಿ ನಾವು ಮಕ್ಕಳಿಗೆ ಮಿರಜಿನ ಮಿಶನ್ ದವಾಖಾನೆಯ ಕತೆಯನ್ನು ಹೇಳಿದ್ದೆವು. ಅದನ್ನು ಮನೆಯಲ್ಲಿ ಕೇಳಿದ ಒಬ್ಬ ತರುಣ ಸಂಜೆ ಕಟ್ಟೆಯ ಮೇಲೆ ನಮ್ಮನ್ನು ತಡೆದು ಕೇಳಿದ:

“ಗುರುಗಳ, ಆ ಪರದೇಶದವರು ಸೇವಾ ಮಾಡಾಕ ಬಂದಿದ್ರು ಅಂತ ಹುಡುಗರಿಗೆ ಹೇಳೀರಂತಲ್ಲ? ಅವರು ಬಂದದ್ದು ಜಾತಿ ಕೆಡಸಾಕ. ಅದನ್ಯಾಕ ಹೇಳಲಿಲ್ಲ ನೀವು?”

ಬದಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎಲೆಗೆ ಸುಣ್ಣ ಸವರುತ್ತ, “ತಮ್ಮಾ, ನಿಮ್ಮಪ್ಪ ಹುಟ್ಟಿದ್ದು ಅದ ದವಾಖಾನ್ಯಾಗ. ನಿಂದೇನ ಕೆಟ್ಟೈತಿ ಹೇಳು” ಎಂದರು. ಕಟ್ಟೆಯೆಲ್ಲ ನಕ್ಕಿತು, ತರುಣನೂ ನಕ್ಕ. ಆದರೆ ನಮಗೆ ನಗು ಬರಲಿಲ್ಲ. ನಗೆಯಿಂದ ಮುಚ್ಚಿದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಹೇಳಲಾಗದು. ಆತ ಕೇಳಿದ್ದರಲ್ಲಿ ಒಂದಂಶ ನಿಜವೂ ಇತ್ತು. ಇನ್ನೊಂದಂಶವನ್ನು ನಾವೇ ಸರಿಯಾಗಿ ತಿಳಿದಿರಲಿಲ್ಲ. ಆದ್ದರಿಂದ ಚೈತ್ರ ಮಾಸದ ಒಂದು ರವಿವಾರ, ಇಬ್ಬರು ಸಹೋದ್ಯೋಗಿಗಳನ್ನು ಜೊತೆಗೂಡಿ, ನಸುಕಿನ ಎಸ್.ಟಿ. ಹಿಡಿದು ಹೊರಟೆವು.

ಬೆಳಗಿನ ತಂಪಿನಲ್ಲಿ ಪಶ್ಚಿಮಕ್ಕೆ ಸಾಗಿದಂತೆ ಎಲೆಬಳ್ಳಿಯ ತೋಟಗಳು ಕಾಣತೊಡಗುತ್ತವೆ. ಮಿರಜ ತಾಲೂಕಿನ ವೀಳ್ಯದೆಲೆ ದೂರದ ಪೇಟೆಗಳವರೆಗೆ ಹೆಸರು ಮಾಡಿದ್ದು. ತೋಟಗಳು ಮುಗಿದು ಮನೆಗಳು ಮೊದಲಾಗುತ್ತಲೇ ಔಷಧದ ಅಂಗಡಿಗಳ ಸಾಲು ಹತ್ತುತ್ತದೆ. ಎರಡೂ ಬದಿಗೆ ದವಾಖಾನೆಗಳು, ತಪಾಸಣೆಯ ಪ್ರಯೋಗಶಾಲೆಗಳು, ಚಷ್ಮಾದ ಅಂಗಡಿಗಳು, ರೋಗಿಗಳ ಸಂಬಂಧಿಕರು ಇಳಿದುಕೊಳ್ಳುವ ಖೋಲಿಗಳು. ಪಟ್ಟಣದ ಒಂದು ಪಾಲು ಜನರ ಅನ್ನ ಇದರಿಂದಲೇ ನಡೆಯುತ್ತದೆ. ಈ ಹೆಮ್ಮರದ ಬೀಜ ಬಿದ್ದದ್ದು ಎಲ್ಲಿ ಎಂಬುದನ್ನು ತಿಳಿಯಬೇಕಾದರೆ ನೂರಾಮೂವತ್ತು ವರ್ಷಕ್ಕೂ ಹಿಂದೆ ಹೋಗಬೇಕು.

ಅಮೇರಿಕದ ಪಾದ್ರಿ ರಾಯಲ್ ವೈಲ್ಡರ್ ಅವರು 1852ರಲ್ಲಿ ಕೊಲ್ಲಾಪುರಕ್ಕೆ ಬಂದು ಶಾಲೆಗಳನ್ನು ತೆರೆದುದರಿಂದ ಈ ಭಾಗದ ಮಿಶನ್ ಕಾರ್ಯ ಮೊದಲಾಯಿತು. ಮುಂದೆ ಆ ಕಾರ್ಯವನ್ನು ಅಮೇರಿಕದ ಪ್ರೆಸ್ಬಿಟೇರಿಯನ್ ಸಭೆ ವಹಿಸಿಕೊಂಡಿತು. ಆ ಸಭೆಯೇ 1889ರಲ್ಲಿ ವಿಲಿಯಂ ಜೇಮ್ಸ್ ವಾನಲೆಸ್ ಎಂಬ ತರುಣ ವೈದ್ಯನನ್ನು ಇತ್ತ ಕಳುಹಿಸಿತು. ಕೆನಡಾ ದೇಶದಲ್ಲಿ 1865ರಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಬಂದ ಅವರಿಗೆ ಆಗ ಇಪ್ಪತ್ತನಾಲ್ಕು ವರ್ಷ. ಪತ್ನಿ ಮೇರಿಯವರೂ ಜೊತೆಯಲ್ಲಿದ್ದರು. ಮೊದಲು ಸಾಂಗಲಿಯಲ್ಲಿ ಒಂದು ಚಿಕ್ಕ ಔಷಧಾಲಯ ನಡೆಸಿ, 1892ರಲ್ಲಿ ಅವರು ಮಿರಜಿಗೆ ಬಂದರು.

ಸಾಂಗಲಿಯನ್ನು ಬಿಟ್ಟು ಮಿರಜವನ್ನೇಕೆ ಆರಿಸಿದರು? ಇದಕ್ಕೆ ಉತ್ತರ ರೈಲಿನ ಹಳಿಗಳಲ್ಲಿದೆ. ಪುಣೆಯಿಂದ ಬೆಳಗಾವಿಗೆ ಹೋಗುವ ಹಾದಿ ಮಿರಜಿನ ಮೂಲಕ ಸಾಗುತ್ತಿತ್ತು. 1891ರಲ್ಲಿ ಅಲ್ಲಿಂದ ಕೊಲ್ಲಾಪುರಕ್ಕೂ ಕವಲೊಡೆದು ಅದು ಜಂಕ್ಷನ್ ಆಯಿತು. ನಡೆಯಲಾರದ ರೋಗಿಯನ್ನು ಮಲಗಿಸಿಕೊಂಡು ಬರಲು ಆ ಕಾಲಕ್ಕೆ ಇದು ಅನುಕೂಲವಾದ ಸ್ಥಳ. ಮುಂದೆ 1927ರಲ್ಲಿ ಬಾರ್ಶಿಯ ಕಿರುಗಾಡಿಯೂ ಪಂಢರಪುರದ ಕಡೆಯಿಂದ ಮಿರಜವನ್ನು ಮುಟ್ಟಿತು. ಪಾಂಡುರಂಗನ ಯಾತ್ರಿಕರನ್ನು ಹೊತ್ತು ಹೋಗುವ ಗಾಡಿ ಮರಳುವಾಗ ರೋಗಿಗಳನ್ನು ಹೊತ್ತು ತರುತ್ತಿತ್ತು. ಮಿರಜ ಆಗ ಪಟವರ್ಧನರ ಸಂಸ್ಥಾನ. ಅಲ್ಲಿ 1894ರಲ್ಲಿ ಕಲ್ಲಿನ ಆಸ್ಪತ್ರೆ ಎದ್ದು ನಿಂತಿತು. ಅದಕ್ಕೆ ಹಣವನ್ನಿತ್ತವರು ಫಿಲಡೆಲ್ಫಿಯಾ ನಗರದ ಜಾನ್ ಕನ್ವರ್ಸ್ ಎಂಬ ಧನಿಕರು. ಅವರ ಉದ್ಯೋಗವೂ ರೈಲ್ವೆ ಇಂಜಿನುಗಳ ತಯಾರಿಕೆಯೇ ಆಗಿದ್ದುದು ಒಂದು ಸೋಜಿಗ.

ಅದೇ 1894ರಲ್ಲಿ ಮಂಗಳೂರಿನಲ್ಲಿ ಇನ್ನೊಬ್ಬ ಮಿಶನರಿ ವಿದ್ವಾಂಸರಾದ ಕಿಟೆಲ್ಲರ ಕನ್ನಡ–ಇಂಗ್ಲೀಷ್ ನಿಘಂಟು ಅಚ್ಚಾಯಿತೆಂಬುದನ್ನು ವಾಚಕರು ಬಲ್ಲರು. ಒಬ್ಬರು ನಮ್ಮ ನುಡಿಯ ಪದಗಳನ್ನು ಒಂದೊಂದಾಗಿ ಎತ್ತಿ ಒರೆಸಿ ಜೋಡಿಸಿಟ್ಟ ವರ್ಷದಲ್ಲಿಯೇ, ಇನ್ನೊಬ್ಬರು ನಮ್ಮ ಸೀಮೆಯ ರೋಗಿಗಳಿಗೆ ಹಾಸಿಗೆ ಹಾಸಿದರು. ಇಬ್ಬರೂ ಬಂದದ್ದು ತಮ್ಮ ಮತವನ್ನು ಸಾರುವುದಕ್ಕೆಂದೇ. ಇಬ್ಬರ ಕೈಯಿಂದಲೂ ಆ ಮತವನ್ನು ಸ್ವೀಕರಿಸದ ಲಕ್ಷಾಂತರ ಜನರಿಗೆ ಉಪಕಾರವಾಯಿತು. ಈ ಎರಡು ಮಾತುಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಶಿಕ್ಷಕನಾದವನಿಗೆ ಸಲ್ಲದು.

ಕಟ್ಟಡ ಎದ್ದ ಬೆನ್ನಿಗೇ ಈ ನಾಡಿಗೆ ದುರ್ದಿನಗಳು ಬಂದವು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ಹಾದಿಯನ್ನೇ ಹಿಡಿದು ನಮ್ಮ ಸೀಮೆಗೂ ಇಳಿಯಿತು. ಅದರ ಮೇಲೆ 1899–1900ರ ಭೀಕರ ಬರಗಾಲ. ಊರಿಗೆ ಊರೇ ಬಯಲಲ್ಲಿ ಗುಡಿಸಲು ಹಾಕಿಕೊಂಡು ಕುಳಿತ ಕಾಲವದು. ವಾನಲೆಸರು ಒಬ್ಬರ ಕೈಯಿಂದ ಆಗುವ ಕೆಲಸ ಇದಲ್ಲವೆಂದು ಕಂಡು, 1897ರಲ್ಲಿಯೇ ಇಲ್ಲಿಯ ತರುಣರಿಗೆ ವೈದ್ಯವಿದ್ಯೆ ಕಲಿಸುವ ಶಾಲೆಯನ್ನು ತೆರೆದರು. ಕುಷ್ಠರೋಗಿಗಳಿಗೆ ಬೇರೆ ಆಶ್ರಯವಾಯಿತು. ಕ್ಷಯರೋಗಿಗಳಿಗಾಗಿ 1920ರಲ್ಲಿ ಸಾಂಗಲಿ–ಮಿರಜುಗಳ ನಡುವೆ ಆರೋಗ್ಯಧಾಮವಾಯಿತು. ಆ ಎಡೆಗೆ ಜನರು ವಾನಲೆಸವಾಡಿ ಎಂದೇ ಹೆಸರಿಟ್ಟರು. ಪತ್ನಿ ಮೇರಿಯವರ ಸ್ಮರಣೆಗಾಗಿ ಕೊಲ್ಲಾಪುರದಲ್ಲಿ ಇನ್ನೊಂದು ಆಸ್ಪತ್ರೆ ಬಂದಿತು. ಸುಮಾರು ನಾಲ್ವತ್ತು ವರ್ಷ ದುಡಿದು 1928ರಲ್ಲಿ ಅವರು ನಿವೃತ್ತರಾದರು. ಅದೇ ವರ್ಷ ಅವರಿಗೆ ‘ಸರ್’ ಎಂಬ ಪದವಿಯೂ ಬಂದಿತು. 1933ರಲ್ಲಿ ಅಮೇರಿಕದಲ್ಲಿ ತೀರಿಕೊಂಡರು. 1962ರಲ್ಲಿ ಮಿರಜಿನಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದಾಗ ಅದರ ವಿದ್ಯಾರ್ಥಿಗಳಿಗೆ ರೋಗಿಗಳ ಹಾಸಿಗೆಯ ಬಳಿ ಪಾಠವಾದದ್ದೂ ವಾನಲೆಸರ ಹೆಸರಿನ ಈ ಆಸ್ಪತ್ರೆಯಲ್ಲಿಯೇ.

ಇವೆಲ್ಲ ಪುಸ್ತಕದಲ್ಲಿ ಸಿಗುವ ಸಂಗತಿಗಳು. ನಮ್ಮ ಮನೆಯ ಸಂಗತಿಯೊಂದು ಬೇರೆಯಿದೆ. ಆಸ್ಪತ್ರೆಯ ಹಳೆಯ ಕಲ್ಲುಗೋಡೆಯ ಎದುರು ನಿಂತಾಗ ಅದು ನಮಗೆ ನೆನಪಾಯಿತು.

1978ರಲ್ಲಿ ನಮ್ಮ ಅಜ್ಜಿಗೆ ಎರಡೂ ಕಣ್ಣಿಗೆ ಮೋತಿಬಿಂದು ಬಂದು, ಒಲೆಯ ಉರಿಯೂ ಕಾಣದಂತಾಗಿತ್ತು. ನಾವು ಆಗ ಒಂಬತ್ತು ವರ್ಷದವರು. ಬೆಳಗಿನ ಜಾವದಲ್ಲಿ ಚಕ್ಕಡಿಯಲ್ಲಿ ಹುಲ್ಲು ಹಾಸಿ ಅಜ್ಜಿಯನ್ನು ಕೂರಿಸಿದರು. ಕಣ್ಣಾಗಿ ಬರಲೆಂದು ನಮ್ಮನ್ನೂ ಹತ್ತಿಸಿದರು. ಅಜ್ಜಿಗೆ ಹೋಗಲು ಮನಸ್ಸಿರಲಿಲ್ಲ. ಕಣ್ಣಿನ ಭಯಕ್ಕಿಂತ ದೊಡ್ಡ ಭಯವೊಂದು ಅವಳಿಗಿತ್ತು. ಶಸ್ತ್ರಕ್ರಿಯೆಗೆ ಮುಂಚೆ ಮೈಮೇಲಿನ ಒಡವೆ ವಸ್ತುಗಳನ್ನೆಲ್ಲ ತೆಗೆಸುತ್ತಾರೆಂದು ಯಾರೋ ಹೇಳಿದ್ದರು. ಕೊರಳಲ್ಲಿ ಕರಡಿಗೆಯಿತ್ತು, ಅದರೊಳಗೆ ಇಷ್ಟಲಿಂಗವಿತ್ತು. ದೇಹದಿಂದ ಲಿಂಗ ಅಗಲಿದರೆ ಬದುಕಿ ಫಲವೇನು ಎಂಬುದು ಅವಳ ನಂಬಿಕೆ. “ಕುರುಡಿ ಆಗೇ ಇರ್ತೀನಿ, ಅದನ್ನ ಮಾತ್ರ ತಗಿಯಾಂಗಿಲ್ಲ” ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದಳು.

ಆ ಹೊತ್ತು ಬಂದೇ ಬಂದಿತು. ಬಿಳಿಯ ಸೀರೆಯುಟ್ಟ ನರ್ಸೊಬ್ಬರು ಒಡವೆಗಳನ್ನು ತೆಗೆಸುತ್ತ ಕೊರಳಿಗೆ ಕೈಯಿಟ್ಟಾಗ ಅಜ್ಜಿ ಕರಡಿಗೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. ನರ್ಸಿಗೆ ಕನ್ನಡ ಬಾರದು, ಅಜ್ಜಿಗೆ ಮರಾಠಿ ಬಾರದು. ಆದರೆ ಆ ಹೆಣ್ಣುಮಗಳು ಒಂದು ಕ್ಷಣ ನೋಡಿ, ಬಿಳಿಯ ಪಟ್ಟಿಯೊಂದನ್ನು ತಂದು, ಕರಡಿಗೆಯನ್ನು ಅದರಲ್ಲಿ ಸುತ್ತಿ, ಅಜ್ಜಿಯ ಎಡದ ರಟ್ಟೆಗೆ ಭದ್ರವಾಗಿ ಕಟ್ಟಿದರು. ಆಮೇಲೆ ಗಾಡಿಯ ಬದಿಗೆ ನಿಂತು ಕಣ್ಣು ಮುಚ್ಚಿ ತುಟಿಯಲ್ಲಿಯೇ ಏನೋ ಹೇಳಿಕೊಂಡು, ಒಳಗೆ ದೂಡಿಕೊಂಡು ಹೋದರು.

ಕೆಲ ದಿನಗಳ ಮೇಲೆ ಪಟ್ಟಿ ಬಿಚ್ಚಿದರು. ಸೋಡಾ ಬಾಟ್ಲಿಯ ತಳದಂಥ ದಪ್ಪನೆಯ ಚಷ್ಮಾ ಏರಿಸಿಕೊಂಡು ಅಜ್ಜಿ ಊರಿಗೆ ಬಂದಳು. ಅದಾದ ಮೇಲೆ ಹದಿನಾಲ್ಕು ವರ್ಷ ಬದುಕಿದಳು. ತನ್ನ ಕೈಯಾರ ಲಿಂಗಪೂಜೆ ಮಾಡಿಕೊಂಡಳು, ಮೊಮ್ಮಕ್ಕಳ ತಲೆಯ ಹೇನನ್ನೂ ಹೆಕ್ಕಿದಳು. ಮಿರಜಿನ ಮಾತು ಬಂದಾಗಲೆಲ್ಲ ಅವಳು ಹೇಳುತ್ತಿದ್ದುದು ಒಂದೇ: “ಅಕಿ ಮೊದಲ ತನ್ನ ದೇವರನ್ನ ಕೇಳಿದಳು. ಆಮ್ಯಾಲೆ ನನ್ನ ದೇವರನ್ನ ನನ್ನ ಮೈಗೆ ಕಟ್ಟಿದಳು.”

ಆ ಮಾತನ್ನು ನಾವು ಬಾಲ್ಯದಲ್ಲಿ ಎಷ್ಟೋ ಸಲ ಕೇಳಿ ಮರೆತಿದ್ದೆವು. ಕಟ್ಟೆಯ ಮೇಲೆ ತರುಣ ಪ್ರಶ್ನೆ ಕೇಳಿದಾಗ ಉತ್ತರ ನಮ್ಮ ಮನೆಯಲ್ಲಿಯೇ ಇತ್ತು. ಆದರೆ ಅರ್ಧ ಉತ್ತರ. ಉಳಿದರ್ಧವನ್ನು ತಿಳಿಯಲು ಆ ರವಿವಾರ ಅವರ ಪ್ರಾರ್ಥನಾಮಂದಿರದೊಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆವು. ಯಾರೂ ನಮ್ಮನ್ನು ಯಾರೆಂದು ಕೇಳಲಿಲ್ಲ. ಒಬ್ಬ ಹುಡುಗ ಬಂದು ಮೂವರ ಕೈಗೂ ಒಂದೊಂದು ಗೀತೆಗಳ ಪುಸ್ತಕವನ್ನಿತ್ತು ಹೋದ.

ಹಾಡು ಮೊದಲಾದಾಗ ನಮಗೆ ಅಚ್ಚರಿಯಾಯಿತು. ಪೇಟಿ, ತಬಲಾ, ತಾಳಗಳೊಡನೆ ಎದ್ದುಬಂದ ಆ ಧಾಟಿ ಪರದೇಶದ್ದಾಗಿರಲಿಲ್ಲ. ನಮ್ಮ ಭಾಗದ ಭಜನೆಯ ಧಾಟಿಯೇ ಆಗಿತ್ತು. ನಾರಾಯಣ ವಾಮನ ಟಿಳಕರೆಂಬ ಮರಾಠಿ ಕವಿ ಕ್ರೈಸ್ತರಾದ ಮೇಲೆ ಅಭಂಗದ ಮಟ್ಟಿನಲ್ಲಿಯೇ ಕ್ರಿಸ್ತನ ಸ್ತುತಿಗಳನ್ನು ಬರೆದರು. 1919ರಲ್ಲಿ ಅವರು ತೀರಿಕೊಂಡು ನೂರು ವರ್ಷ ಮೀರಿದರೂ ಮರಾಠಿ ಸಭೆಗಳಲ್ಲಿ ಆ ಪರಂಪರೆ ಜೀವಂತವಾಗಿದೆ.

ಹಾಡಿನ ನಂತರ ಪಾದ್ರಿಗಳು ಪ್ರಾರ್ಥಿಸತೊಡಗಿದರು. ನಾವು ಕಿವಿಗೊಟ್ಟು ಕೇಳಿದೆವು. ತಮ್ಮ ಸಭೆಯ ರೋಗಿಗಳಿಗಾಗಿ, ಸತ್ತವರ ಮನೆಯವರಿಗಾಗಿ ಪ್ರಾರ್ಥನೆಯಾಯಿತು. ಅದು ಎಲ್ಲಿಯೂ ಇರುವುದೇ. ಬಳಿಕ ಊರಿನ ಸರದಿ ಬಂದಿತು. ಕೆಲಸವಿಲ್ಲದ ತರುಣರು, ಅಕಾಲ ಮಳೆಯಿಂದ ದ್ರಾಕ್ಷಿ ಕಳೆದುಕೊಂಡ ರೈತರು, ನಗರದ ಕಸ ಎತ್ತುವವರು, ರೈಲ್ವೆಯ ನೌಕರರು, ಪೋಲೀಸರು, ನಗರವನ್ನು ಆಳುವವರು, ಹಿಂದೂಗಳು, ಮುಸಲ್ಮಾನರು, ಜೈನರು, ಬೌದ್ಧರು, ಹೀಗೆ ಒಂದೊಂದು ಸಮುದಾಯದ ಹೆಸರನ್ನೂ ತೆಗೆದುಕೊಂಡು ಅವರ ಮನೆಗಳಲ್ಲಿ ಶಾಂತಿ ನೆಲೆಸಲೆಂದು ಬೇಡಿದರು. ‘ಅವರೆಲ್ಲ ನಮ್ಮವರಾಗಲಿ’ ಎಂಬ ಮಾತು ಆ ದಿನದ ಪ್ರಾರ್ಥನೆಯಲ್ಲಿ ನಮಗೆ ಕೇಳಿಬರಲಿಲ್ಲ. ‘ನಾವು ಅವರಿಗೆ ಉಪಯೋಗವಾಗೋಣ’ ಎಂಬ ಅರ್ಥದ ಮಾತು ಎರಡು ಸಲ ಕೇಳಿತು.

ಪ್ರಾರ್ಥನೆ ಮುಗಿದು ಹೊರಗೆ ಬೇವಿನ ನೆರಳಿನಲ್ಲಿ ನಿಂತಿದ್ದಾಗ ನಮ್ಮ ಮಾತು ಕೇಳಿ ಒಬ್ಬ ವೃದ್ಧೆ ಹತ್ತಿರ ಬಂದರು. “ಕನ್ನಡದವರೇನ್ರಿ?” ಎಂದರು. ಗದಗಿನ ಕಡೆಯವರು. ಬೆಟಗೇರಿಯ ಮಿಶನ್ ಆಸ್ಪತ್ರೆಯ ನೆರಳಿನಲ್ಲಿ ಬೆಳೆದು, ಎಳೆಯ ವಯಸ್ಸಿನಲ್ಲಿ ನರ್ಸಿನ ವಿದ್ಯೆ ಕಲಿಯಲೆಂದು ಮಿರಜಿಗೆ ಬಂದು, ಇಲ್ಲಿಯೇ ದುಡಿದು, ಇಲ್ಲಿಯೇ ಹಣ್ಣಾದವರು. ನಾವು ಬಂದ ಕಾರಣವನ್ನು ಮುಚ್ಚಿಡದೆ ಹೇಳಿದೆವು. ತರುಣನ ಪ್ರಶ್ನೆಯನ್ನೂ ಹೇಳಿದೆವು. ಅವರು ಬೇಸರಿಸಲಿಲ್ಲ.

“ಹುಡುಗ ಸುಳ್ಳೇನ ಹೇಳಿಲ್ರಿ ಮಾಸ್ತರ. ನಮ್ಮ ಹಿರ್ಯಾರು ಸುವಾರ್ತೆ ಹೇಳಾಕs ಬಂದಿದ್ರು. ವಾರ್ಡಿನ್ಯಾಗ ದಿನಾ ಶಾಸ್ತ್ರ ಓದ್ತಿದ್ರು, ಪುಸ್ತಕ ಹಂಚ್ತಿದ್ರು. ಅದನ್ನ ಮುಚ್ಚಿ ಇಡೂದು ಯಾಕ? ಆದ್ರ ಕೇಳಲಿಲ್ಲಂತ ಯಾರಿಗೂ ಔಷಧ ಕೊಡೂದು ಬಿಡಬಾರದು ಅಂತ ನಮಗ ಮೊದಲನೇ ದಿವಸನ ಕಲಿಸಿದ್ರು.”

“ಊರಿನ ಎಲ್ಲಾರ ಹೆಸರು ತಗೊಂಡು ಪ್ರಾರ್ಥನಾ ಮಾಡಿದಿರಲ್ಲ ತಾಯಿ, ಅದರಿಂದ ಏನಾಗತೈತಿ?” ಎಂದು ನಮ್ಮ ಜೊತೆಯ ಮಾಸ್ತರರೊಬ್ಬರು ಕೇಳಿಯೇಬಿಟ್ಟರು.

ವೃದ್ಧೆ ನಕ್ಕರು. “ಏನಾಗತೈತಂದ್ರ, ನಮಗ ತ್ರಾಸ ಆಗತೈತ್ರಿ! ಪ್ರಾರ್ಥನಾ ಮಾಡೂದು ಸಸ್ತಾ ಅಂತ ಮಂದಿ ತಿಳ್ಕೊಂಡಾರ. ರವಿವಾರ ಒಬ್ಬರ ಹೆಸರು ದೇವರ ಮುಂದ ತಗೊಂಡ್ರ, ಸೋಮವಾರ ಅವರ ಮನಿ ಬಾಗಿಲಿಗೆ ಹೋಗಬೇಕಾಗತೈತಿ. ಹೋಗಲಿಲ್ಲಂದ್ರ ಮುಂದಿನ ರವಿವಾರ ಆ ಹೆಸರು ಬಾಯಾಗ ಬರೂದಿಲ್ಲ.”

ಅವರು ಹೇಳಿದ ಉದಾಹರಣೆಗಳು ದೊಡ್ಡವಲ್ಲ. 2009ರ ಸೆಪ್ಟೆಂಬರದಲ್ಲಿ ಗಣೇಶೋತ್ಸವದ ಕಮಾನಿನ ಕಾರಣದಿಂದ ಮಿರಜಿನಲ್ಲಿ ಗಲಭೆಯೆದ್ದು ಸಂಚಾರಬಂದಿಯಾದ ದಿನಗಳಲ್ಲಿ, ಬಾಗಿಲು ಮುಚ್ಚಿಕೊಂಡು ಎರಡೂ ಕಡೆಯವರ ಹೆಸರು ಹೇಳಿ ಪ್ರಾರ್ಥಿಸಿದರಂತೆ. ಸಂಚಾರಬಂದಿ ಸಡಿಲಿದ ಗಳಿಗೆಯಲ್ಲಿ ಅವರು ಮಾಡಿದ ಮೊದಲ ಕೆಲಸವೆಂದರೆ, ಒಂದು ಗಲ್ಲಿಯ ಬಾಣಂತಿಗೂ ಇನ್ನೊಂದು ಗಲ್ಲಿಯ ಸಕ್ಕರೆ ರೋಗದ ಮುದುಕನಿಗೂ ಔಷಧ ಮುಟ್ಟಿಸಿದ್ದು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಸಾಂಗಲಿಯ ಬೀದಿಗಳಲ್ಲಿ ದೋಣಿ ನಡೆದಾಗ ರೊಟ್ಟಿ ಬಡಿದು ಕಟ್ಟಿಕೊಟ್ಟದ್ದು. ಕರೋನಾ ಕಾಲದಲ್ಲಿ, ವಯಸ್ಸಾದ ತಮಗೆ ಹೊರಗೆ ಹೋಗಲು ಮಕ್ಕಳು ಬಿಡದಿದ್ದಾಗ, ಕಿಟಕಿಯಲ್ಲಿ ಕುಳಿತು ದೂರವಾಣಿಯಿಂದ ಒಂಟಿ ಮುದುಕಿಯರನ್ನು ದಿನವೂ ವಿಚಾರಿಸಿದ್ದು. “ಇದೇನ ದೊಡ್ಡ ಸೇವಾ ಅಲ್ರಿ. ಎಲ್ಲಾರೂ ಮಾಡ್ಯಾರ. ಆದ್ರ ಯಾಕ ಮಾಡಿದ್ವಿ ಅಂತ ಕೇಳಿದ್ರಲ್ಲ, ಅದಕ್ಕ ಹೇಳಿದೆ.”

ಈ ಮಾತು ನಡೆದಿರುವಾಗಲೇ ಚಹ ಬಂದಿತು. ತಂದವರು ಸುಮಾರು ಎಪ್ಪತ್ತರ ಒಬ್ಬ ವೃದ್ಧರು. ತಾಟನ್ನು ಹಿಡಿದ ಅವರ ಕೈಗಳಲ್ಲಿ ಬೆರಳುಗಳು ಗೆಣ್ಣಿನವರೆಗೆ ಮಾತ್ರ ಇದ್ದವು. ಬಹುಕಾಲದ ಹಿಂದೆ ಕುಷ್ಠರೋಗದಿಂದ ಗುಣವಾದವರೆಂದು ಕಂಡೊಡನೆ ತಿಳಿಯುತ್ತಿತ್ತು.

ವಾಚಕರ ಎದುರು ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗಿದೆ. ಮೂವತ್ತು ವರ್ಷಗಳಿಂದ ನಾವು ತರಗತಿಯಲ್ಲಿ ಕುಷ್ಠರೋಗದ ಪಾಠ ಮಾಡುತ್ತ ಬಂದಿದ್ದೇವೆ. ಅದು ಪಾಪದ ಫಲವಲ್ಲ, ಒಂದು ಸೂಕ್ಷ್ಮ ಜೀವಾಣುವಿನಿಂದ ಬರುವ ರೋಗ, ಸುಲಭವಾಗಿ ಅಂಟುವಂಥದಲ್ಲ, 1980ರ ದಶಕದಿಂದ ಬಳಕೆಗೆ ಬಂದ ಬಹುವಿಧ ಔಷಧ ಚಿಕಿತ್ಸೆಯಿಂದ ಸಂಪೂರ್ಣವಾಗಿ ಗುಣವಾಗುತ್ತದೆ, ಗುಣವಾದವರಿಂದ ಯಾವ ಅಪಾಯವೂ ಇಲ್ಲ. ಇದನ್ನೆಲ್ಲ ಫಲಕದ ಮೇಲೆ ಬರೆದು, ಪರೀಕ್ಷೆಯಲ್ಲಿ ಕೇಳಿ, ಅಂಕ ಕೊಟ್ಟಿದ್ದೇವೆ. ರೋಗಿಗಳನ್ನು ಬಲವಂತದಿಂದ ಪ್ರತ್ಯೇಕಿಸುತ್ತಿದ್ದ 1898ರ ಕಾನೂನು 2016ರಲ್ಲಿ ರದ್ದಾದಾಗ ಮಕ್ಕಳಿಗೆ ಸುದ್ದಿ ಓದಿ ಹೇಳಿದವರೂ ನಾವೇ. ಆದರೆ ಆ ಕೈ ನಮ್ಮೆದುರು ಚಹದ ಕಪ್ಪನ್ನು ಚಾಚಿದಾಗ ನಮ್ಮ ಕೈ ಮುಂದೆ ಹೋಗಲಿಲ್ಲ. ಒಂದು ಕ್ಷಣವೇ ಇರಬಹುದು. ಆ ಒಂದು ಕ್ಷಣ ಆ ವೃದ್ಧರಿಗೆ ಹೊಸದಾಗಿರಲಿಲ್ಲವೆಂಬುದು ಅವರ ಮುಖದಿಂದಲೇ ತಿಳಿಯಿತು. ಅವರು ತಾಟನ್ನು ಹಿಂತೆಗೆಯಲೂ ಇಲ್ಲ, ಮುಂದೊತ್ತಲೂ ಇಲ್ಲ. ಸುಮ್ಮನೆ ಹಿಡಿದು ನಿಂತರು.

ನಮ್ಮ ಜೊತೆಯವರಲ್ಲಿ ಕಿರಿಯರಾದ ಮಾಸ್ತರರು ಕಪ್ಪನ್ನೆತ್ತಿಕೊಂಡು, “ಸಕ್ಕರಿ ಛಲೋ ಬಿದ್ದೈತ್ರಿ ಕಾಕಾ” ಎಂದರು. ಆಗ ನಾವೂ ತೆಗೆದುಕೊಂಡೆವು. ಬಿಸಿ ಚಹ ಗಂಟಲಿನಿಂದ ಇಳಿಯುವಾಗ ನಮಗೆ ತೋರಿದ್ದಿಷ್ಟು: ನಮಗೆ ಜ್ಞಾನವಿತ್ತು, ಅಭ್ಯಾಸವಿರಲಿಲ್ಲ. ಈ ಜನರಲ್ಲಿ ತಲೆಮಾರುಗಳಿಂದ ಬಂದಿರುವುದು ಆ ಅಭ್ಯಾಸ. ಅವರು ಪ್ರತಿ ವಾರ ದೇವರೆದುರು ಅನ್ಯರ ಹೆಸರನ್ನು ಹೇಳಿ ಹೇಳಿ ತಮ್ಮ ಕೈಯನ್ನು ಪಳಗಿಸಿಕೊಂಡಿದ್ದಾರೆ.

ಮಧ್ಯಾಹ್ನ ಊರೊಳಗೆ ತಿರುಗಾಡಿದೆವು. ಸಿತಾರ, ತಂಬೂರಿಗಳನ್ನು ತಯಾರಿಸುವ ಕುಶಲಿಗಳ ಬೀದಿಯನ್ನು ದಾಟಿ ಖ್ವಾಜಾ ಮೀರಾಸಾಹೇಬರ ದರ್ಗಾದವರೆಗೆ ಹೋದೆವು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಪ್ಲೇಗಿನಿಂದ ನರಳುತ್ತ ಇಲ್ಲಿಗೆ ಬಂದು, ಸಂತನೆದುರು ಹಾಡಿ ಬೇಡಿಕೊಂಡು ಗುಣವಾದರೆಂದು ಮಿರಜಿನವರು ಹೇಳುತ್ತಾರೆ. 1937ರಲ್ಲಿ ದೂರದ ತಮಿಳುನಾಡಿನಲ್ಲಿ ಪ್ರಯಾಣದ ನಡುವೆ ಅವರು ತೀರಿಕೊಂಡಾಗಲೂ ಅವರನ್ನು ತಂದು ಮಣ್ಣು ಮಾಡಿದ್ದು ಇಲ್ಲಿಯೇ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರ ಶಿಷ್ಯರು. ಹೀಗೆ ಕನ್ನಡ ನಾಡಿನ ಸಂಗೀತದ ಒಂದು ಬೇರೂ ಈ ಪಟ್ಟಣದ ನೆಲದಲ್ಲಿದೆ. ಒಂದು ಊರಿನಲ್ಲಿ ಒಬ್ಬರು ದರ್ಗಾದಲ್ಲಿ ಹಾಡಿ ಬೇಡಿದರು, ಇನ್ನೊಬ್ಬರು ಶಸ್ತ್ರಕ್ರಿಯೆಯ ಮೇಜಿನ ಬಳಿ ಕಣ್ಣು ಮುಚ್ಚಿ ಬೇಡಿದರು, ನಮ್ಮ ಅಜ್ಜಿ ರಟ್ಟೆಗೆ ಕಟ್ಟಿದ ಲಿಂಗವನ್ನು ನೆನೆದು ಬೇಡಿದಳು.

ಸಂಜೆಯ ಗಾಡಿಯಲ್ಲಿ ಮರಳುವಾಗ ಪಾದ್ರಿಗಳು ಉಪದೇಶದಲ್ಲಿ ಹೇಳಿದ ಪ್ರಸಂಗವೊಂದು ಮನಸ್ಸಿನಲ್ಲಿ ತಿರುಗುತ್ತಿತ್ತು. ಯೆಹೂದ್ಯರು ಸೆರೆಯಾಳುಗಳಾಗಿ ಬಾಬೆಲೆಂಬ ಪರರಾಜ್ಯಕ್ಕೆ ಒಯ್ಯಲ್ಪಟ್ಟಾಗ, ಅವರ ಪ್ರವಾದಿಯಾದ ಯೆರೆಮೀಯನು ಒಂದು ಪತ್ರ ಬರೆದನಂತೆ. ಬೇಗ ಮರಳುವೆವೆಂದು ಗಂಟು ಕಟ್ಟಿಕೊಂಡು ಕೂರಬೇಡಿರಿ. ಮನೆ ಕಟ್ಟಿರಿ, ತೋಟ ಹಾಕಿರಿ. ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ದೇವರಲ್ಲಿ ಬೇಡಿರಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುವಿರಿ ಎಂಬುದು ಅದರ ತಾತ್ಪರ್ಯ.

ಗಡಿನಾಡಿನ ಕನ್ನಡಿಗರಾದ ನಮಗೆ ಈ ಮಾತು ನೇರವಾಗಿ ಮುಟ್ಟುತ್ತದೆ. ನಾವು ಸೆರೆಯಾಳುಗಳಲ್ಲ. ನಮ್ಮ ಹಿರಿಯರ ಮನೆಯಲ್ಲಿಯೇ ಇದ್ದೇವೆ. 1956ರಲ್ಲಿ ರಾಜ್ಯಗಳ ಗೆರೆಗಳು ನಮ್ಮ ಆಚೀಚೆ ಹಾದುಹೋದವು. ಅಂದಿನಿಂದ ನಾವು ಆಯೋಗ, ವರದಿ, ಮನವಿಗಳ ಮಾತನ್ನು ಬಹಳ ಆಡಿದ್ದೇವೆ. ಭಾಷೆಯ ಹಕ್ಕಿಗಾಗಿ ಆಡಲೇಬೇಕಾದ ಮಾತುಗಳವು. ಮುಂದೆಯೂ ಆಡೋಣ. ಆದರೆ ನಾವಿರುವ ಊರಿನ ಕ್ಷೇಮವನ್ನು, ನಮ್ಮ ನುಡಿಯನ್ನಾಡದ ನೆರೆಯವನ ಹೆಸರನ್ನು ನಮ್ಮ ದೇವರ ಮುಂದೆ ಎಷ್ಟು ಸಲ ತೆಗೆದುಕೊಂಡಿದ್ದೇವೆ? ಮಿರಜಿನ ಕ್ರೈಸ್ತರು ನಮಗಿಂತ ಕಡಿಮೆ ಸಂಖ್ಯೆಯವರು. ಅವರ ಬಗೆಗೆ ಸಂಶಯದ ಮಾತುಗಳೂ ಕಡಿಮೆಯಿಲ್ಲ. ಆದರೂ ಅವರು ಊರಿಗಾಗಿ ಬೇಡುವುದನ್ನು ನಿಲ್ಲಿಸಿಲ್ಲ. ಅವರಿಂದ ಕಲಿಯಲು ನಾವು ಅವರ ಮತವನ್ನು ಸೇರಬೇಕಾಗಿಲ್ಲ. ನಮ್ಮ ಅಜ್ಜಿಯ ಲಿಂಗವನ್ನು ಕಟ್ಟಿದ ಆ ನರ್ಸೂ ತನ್ನ ಮತವನ್ನು ಬಿಟ್ಟಿರಲಿಲ್ಲ.

ಮರುದಿನ ಸಂಜೆ ಕಟ್ಟೆಯ ಮೇಲೆ ಆ ತರುಣ ಕಾದಿದ್ದ. “ಏನ್ ತಿಳ್ಕೊಂಡು ಬಂದ್ರಿ ಗುರುಗಳ? ಅವರಿಗೆ ಮತಾಂತರ ಬೇಕಾಗಿರಲಿಲ್ಲ ಅಂತೀರೇನು?”

“ಬೇಕಾಗಿತ್ತು ಎಂದೇ ಹೇಳುತ್ತೇವಪ್ಪಾ. ಅವರೂ ಅದನ್ನು ಮುಚ್ಚಿಡಲಿಲ್ಲ” ಎಂದೆವು. ಬಳಿಕ ಅಜ್ಜಿಯ ಸಂಗತಿಯನ್ನೂ ಚಹದ ಸಂಗತಿಯನ್ನೂ ಒಂದನ್ನೂ ಬಿಡದೆ ಹೇಳಿದೆವು. ಆತ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ಆ ಚಹದ ಮಾತು ಹುಡುಗರಿಗೂ ಹೇಳ್ರಿ” ಎಂದಷ್ಟೇ ನುಡಿದು ಎದ್ದು ಹೋದ.

ಹೇಳಿದೆವು. ಹೆಡ್ ಮಾಸ್ತರರ ಕೈಯೇ ಹಿಂದೆ ಸರಿಯಿತೆಂದು ಕೇಳಿ ಮಕ್ಕಳು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಈಗ ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಅರ್ಧ ನಿಮಿಷ ಮೌನವಾಗಿ ನಿಲ್ಲುತ್ತೇವೆ. ಪ್ರತಿ ದಿನ ಒಂದು ಮಗು ಊರಿನ ಒಬ್ಬರ ಹೆಸರು ಹೇಳುತ್ತದೆ. ಅವರು ಯಾರಾದರೂ ಆಗಬಹುದು, ತನ್ನ ಮನೆಯವರು ಮಾತ್ರ ಆಗಬಾರದು. ಮಗು ತನಗೆ ತಿಳಿದ ದೇವರನ್ನು ನೆನೆಯುತ್ತದೆ. ಆ ಸಂಜೆ ಹೆಸರು ಹೇಳಿದ ಮಗು ಅವರ ಮನೆಗೆ ಹೋಗಿ ವಿಚಾರಿಸಿ ಬರಬೇಕೆಂಬುದು ನಿಯಮ.

ಮೊದಲ ದಿನ ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಊರ ಹೊರಗೆ ಡೇರೆ ಹಾಕಿದ್ದ ಕಬ್ಬು ಕಡಿಯುವವರ ಮುದುಕಿಯ ಹೆಸರು ಹೇಳಬೇಕೆಂದು ನಿಂತಳು. ಆದರೆ ಆ ಮುದುಕಿಯ ಹೆಸರು ಅವಳಿಗೆ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಸಂಜೆ ಹೋಗಿ ಕೇಳಿಕೊಂಡು ಬಂದಳು.